ಪ್ರಿಂಟರಿನ ಹೊಸ ವಿಳಾಸ

ನಮ್ಮ ಊರಿನಲ್ಲಿ ಕೈಯಿಂದ ಬರೆದ ಅಕ್ಷರ ಮರುದಿನದವರೆಗೆ ಉಳಿಯುವುದಿಲ್ಲ. ಪೆನ್ನಾಗಲಿ, ಪೆನ್ಸಿಲ್ಲಾಗಲಿ, ಇದ್ದಿಲಾಗಲಿ, ದೀಪ ಹಚ್ಚುವ ಹೊತ್ತಿಗೆ ಮಸುಕಾಗಿ ಬೆಳಗಾಗುವಷ್ಟರಲ್ಲಿ ಕಾಗದ ಬಿಳಿಯಾಗಿರುತ್ತದೆ. ಅಚ್ಚಾದದ್ದು ಉಳಿಯುತ್ತದೆ. ಹೆಬ್ಬೆಟ್ಟಿನ ಗುರುತೂ ಉಳಿಯುತ್ತದೆ. ಹಾಗಾಗಿ ಹೆಬ್ಬೆಟ್ಟು ಒತ್ತುವುದಕ್ಕೆ ಇಲ್ಲಿ ಯಾರೂ ನಾಚುವುದಿಲ್ಲ. ಪುರಸಭೆಯ ಮುಖ್ಯಾಧಿಕಾರಿಯಿಂದ ಹಿಡಿದು ನಲ್ಲಿಯಲ್ಲಿ ನೀರು ಬಿಡುವವನವರೆಗೆ ಎಲ್ಲರ ಹೆಬ್ಬೆರಳೂ ನೀಲಿಯೇ. ಶಾಲೆಯ ಮಕ್ಕಳು ಅಂದಿನ ಪಾಠ ಅಂದೇ ಬಾಯಿಪಾಠ ಮಾಡಿಕೊಳ್ಳುತ್ತಾರೆ. ಡಾಕ್ಟರು ಚೀಟಿ ಬರೆದುಕೊಟ್ಟರೆ ಜನ ಔಷಧದ ಅಂಗಡಿಗೆ ಓಡುತ್ತಾರೆ. ಸಿಟ್ಟಿನಲ್ಲಿ ಒಬ್ಬರಿಗೊಬ್ಬರು ಬರೆದುಕೊಂಡದ್ದನ್ನು ಮರುದಿನ ಯಾರೂ ಎತ್ತಿ ಆಡುವುದಿಲ್ಲ.

ನನ್ನ ಗಂಡ ಊರು ಬಿಟ್ಟು ಹೋಗುವಾಗ ಎರಡು ಹಾಳೆ ಬರೆದು ದಿಂಬಿನ ಕೆಳಗೆ ಇಟ್ಟಿದ್ದ. ನನಗೆ ಸಿಕ್ಕಿದ್ದು ಮರುದಿನ. ಪರಊರಿನವನು, ಇಲ್ಲಿಯ ರೀತಿ ಗೊತ್ತಿರಲಿಲ್ಲ ಪಾಪ ಎಂದು ನೆರೆಯವರು ಅಂದರು. ಆರು ವರ್ಷ ಸಂಸಾರ ಮಾಡಿದವನಿಗೆ ಗೊತ್ತಿರಲಿಲ್ಲ ಎಂದರೆ ನಾನು ನಂಬುವುದಿಲ್ಲ. ಏನು ಬರೆದಿದ್ದನೋ ಎಂದು ಒಂದು ವರ್ಷ ಯೋಚಿಸಿದೆ. ಆಮೇಲೆ ಬಿಟ್ಟೆ, ಸಾರ್ವಜನಿಕ ಗ್ರಂಥಾಲಯದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ.

ಕೆಲಸ ಸರಳವಾದದ್ದು. ಕಾಗದ ಬೇಕಾದವರು ಬಂದು ನನ್ನ ಎದುರು ಕುಳಿತು ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ಗುಂಡಿ ಒತ್ತಿದರೆ ಅದು ತಂತಿಯಲ್ಲಿ ರಸ್ತೆ ದಾಟಿ ಎದುರಿನ ಪುರಸಭೆಗೆ ಹೋಗಿ, ಅಲ್ಲಿನ ಪ್ರಿಂಟರಿನಲ್ಲಿ ಅಚ್ಚಾಗುತ್ತದೆ. ಜನ ಹೋಗಿ ಕಿಟಕಿಯಲ್ಲಿ ಕೈಚಾಚಿ ತಮ್ಮ ಹಾಳೆ ತೆಗೆದುಕೊಳ್ಳುತ್ತಾರೆ. ಊರಿಗೆಲ್ಲ ಜನ ಬಳಸಬಹುದಾದ ಪ್ರಿಂಟರ್ ಅದೊಂದೇ, ಪರಊರಿನಲ್ಲಿ ಅಚ್ಚಾದ ಹಾಳೆಯನ್ನು ಪುರಸಭೆ ಒಪ್ಪುವುದಿಲ್ಲ. ಹನ್ನೊಂದು ವರ್ಷ ಹೀಗೆ ನಡೆಯಿತು. ಮಗುವಿನ ಹೆಸರು, ಮನೆಯ ಒಡೆತನ, ಸತ್ತವರ ಕಡೆಯ ಮಾತು, ಪ್ರೇಮಪತ್ರ, ಎಲ್ಲವೂ ನನ್ನ ಬೆರಳಿನ ಮೇಲೇ ಹಾದುಹೋಗಿವೆ. ಯಾರದನ್ನೂ ಇನ್ನೊಬ್ಬರ ಮುಂದೆ ಆಡಿಲ್ಲ. ಆ ಪ್ರಿಂಟರಿಗೂ ಒಂದು ವಿಳಾಸ ಇರುತ್ತದೆ, ನಡುವೆ ಚುಕ್ಕಿ ಇಟ್ಟ ನಾಲ್ಕು ಅಂಕಿಗಳ ಸಾಲು, ಆ ಸಾಲು ತಪ್ಪಿದರೆ ನಾನು ಕಳಿಸಿದ ಹಾಳೆ ಎಲ್ಲಿಗೂ ತಲುಪುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವ ಪ್ರಸಂಗ ಬಂದಿರಲಿಲ್ಲ.

ಬಂದದ್ದು ಒಂದು ಸೋಮವಾರ. ಬೆಳಿಗ್ಗೆ ಪುರಸಭೆಯ ಪಡಸಾಲೆಯ ಬೋರ್ಡಿನ ಮೇಲೆ ಒಂದು ನೋಟೀಸು ಅಂಟಿತ್ತು. ಸುಣ್ಣದ ಓಣಿಯ ನಲವತ್ತೆರಡು ಮನೆಗಳನ್ನು ತೆಗೆದು ಅಲ್ಲಿ ವಾಹನಗಳ ನಿಲ್ದಾಣ ಮಾಡಲಾಗುವುದು. ತಕರಾರು ಇದ್ದವರು ಮನೆಗೊಂದು ಹಾಳೆಯಂತೆ ಬರೆದು, ಹೆಬ್ಬೆಟ್ಟು ಒತ್ತಿ, ಮುಂದಿನ ಸೋಮವಾರ ಸಂಜೆ ಐದರೊಳಗೆ ಇದೇ ಬೋರ್ಡಿಗೆ ಅಂಟಿಸಬೇಕು. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಮುಖ್ಯಾಧಿಕಾರಿಗಳು ಸಭೆಯ ಮುಂದೆ ಪ್ರತಿಯೊಂದು ಹಾಳೆಯನ್ನೂ ಪೂರ್ತಿ ಓದತಕ್ಕದ್ದು. ಖಾಲಿ ಹಾಳೆ ಎಂದರೆ ಒಪ್ಪಿಗೆ ಎಂದು ತಿಳಿಯಲಾಗುವುದು.

ಸುಣ್ಣದ ಓಣಿಯವರು ಕಲ್ಲು ಸುಟ್ಟು ಸುಣ್ಣ ಮಾಡುವವರು. ಊರಿನ ಗೋಡೆಗಳೆಲ್ಲ ಅವರ ಸುಣ್ಣದಿಂದಲೇ ಬೆಳ್ಳಗಾದದ್ದು. ಅಂದೇ ಮಧ್ಯಾಹ್ನ ಓಣಿಯ ಫಕೀರವ್ವ ಗ್ರಂಥಾಲಯಕ್ಕೆ ಬಂದಳು. ಎಪ್ಪತ್ತು ದಾಟಿದ ಸೂಲಗಿತ್ತಿ, ಓಣಿಗೆ ಹಿರಿಯಳು. ಊರಿನ ಅರ್ಧ ಜನರನ್ನು ಮೊದಲು ಮುಟ್ಟಿದ ಕೈ ಅವಳದು. ನನ್ನನ್ನೂ.

"ತಂಗಿ, ಬರಿ," ಎಂದು ಕುಳಿತಳು. "ಮೊದಲ ನಂದು ಆಗಲಿ. ಹಿಂದ ನಲವತ್ತೊಂದು ಮನಿಯವರು ನಿಂತಾರ."

ಅವಳು ಹೇಳಿದಳು, ನಾನು ಬರೆದೆ. ಗುಂಡಿ ಒತ್ತಿದೆ. ಪರದೆಯ ಮೇಲೆ 'ಪ್ರಿಂಟರ್ ಸಿಗುತ್ತಿಲ್ಲ' ಎಂದು ಬಂತು. ಮತ್ತೆ ಒತ್ತಿದೆ, ಕಂಪ್ಯೂಟರ್ ಆರಿಸಿ ಹಚ್ಚಿದೆ, ತಂತಿ ಕಿತ್ತು ಚುಚ್ಚಿದೆ. ಅದೇ ಮಾತು. ಎದ್ದು ರಸ್ತೆ ದಾಟಿ ಪುರಸಭೆಗೆ ಹೋದೆ. ಹಾಳೆ ಕೊಡುವ ಕಿಟಕಿಗೆ ಒಳಗಿನಿಂದ ಚಿಲಕ ಹಾಕಿತ್ತು.

ಮುಖ್ಯಾಧಿಕಾರಿ ಕಟಗೇರಿ ಸಾಹೇಬರು ನಮ್ಮ ಊರಿಗೆ ಬಂದು ಎರಡು ವರ್ಷವಾಗಿತ್ತು. ಮಾತು ಮೆತ್ತಗೆ, ಅಂಗಿ ಗರಿಗರಿ. ಎದುರು ಬಂದವರಿಗೆ ಕುರ್ಚಿ ತೋರಿಸದೆ ಮಾತಾಡುವವರಲ್ಲ.

"ಕೂಡ್ರಿ ಇಂದುಮತಿಬಾಯಾರ," ಅಂದರು. "ಪ್ರಿಂಟರ್ ಕೆಟ್ಟಿಲ್ಲ. ಮ್ಯಾಲಿನ ಕೋಣಿಗೆ ಇಟ್ಟೇವಿ. ಅದರ ವಿಳಾಸ ಬದಲಾಗೇತಿ, ಅಷ್ಟ."

"ಹಂಗಾರ ಹೊಸಾ ವಿಳಾಸ ಕೊಡ್ರಿ. ಮಂದಿ ಕುಂತಾರ."

"ಹಂಗ ಬಾಯಿಮಾತಿನ್ಯಾಗ ಕೊಡಾಕ ಬರಂಗಿಲ್ಲ. ಒಂದು ಅರ್ಜಿ ಕೊಡ್ರಿ, ಕಡತ ಮಾಡಿ ನೋಡತೇವಿ."

"ಈಗ ಬರದ ಕೊಡತೀನಿ."

"ಅಚ್ಚಾಗಿರಬೇಕ್ರಿ," ಅಂದರು. ನಗಲಿಲ್ಲ. "ಕೈಬರಹ ನಾಳೆ ಇರಂಗಿಲ್ಲಲ್ಲ."

ನಾನು ಅವರ ಮುಖ ನೋಡುತ್ತಲೇ ನಿಂತೆ. ಪ್ರಿಂಟರಿನ ವಿಳಾಸ ಬೇಕಾದರೆ ಪ್ರಿಂಟಾದ ಅರ್ಜಿ ಬೇಕು. ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕುರ್ಚಿಯಲ್ಲಿ ಕೂರದೆಯೇ ಹೊರಗೆ ಬಂದೆ. ಬರುವಾಗ ಹಿಂದಿನಿಂದ, "ಊರು ಬೆಳೀಬೇಕಲ್ರಿ, ನೀವೂ ಪುರಸಭೆಯವರ ಅದೀರಿ, ನೆನಪಿರಲಿ," ಎಂದದ್ದು ಕೇಳಿಸಿತು.

ಗ್ರಂಥಾಲಯಕ್ಕೆ ಬಂದು ಓಣಿಯವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಒಬ್ಬ ಹೆಂಗಸು ಅಳತೊಡಗಿದಳು. ಫಕೀರವ್ವ ಅವಳ ಕಡೆ ನೋಡಿ, "ಅಳೂದ ಆಮ್ಯಾಲ ಇಟಗೋ. ಒಂದು ವಾರ ಐತಿ," ಅಂದಳು.

ಆ ವಾರ ಓಣಿಯವರು ಮಾಡದ ಪ್ರಯತ್ನವಿಲ್ಲ. ಮಂಗಳವಾರ, ಈ ಸಲವಾದರೂ ಉಳಿದೀತೇನೋ ಎಂದು, ನಲವತ್ತೆರಡು ಹಾಳೆ ಕೈಯಿಂದ ಬರೆದು ಬೋರ್ಡಿಗೆ ಅಂಟಿಸಿದರು. ಬುಧವಾರ ಬೆಳಿಗ್ಗೆ ನಲವತ್ತೆರಡು ಬಿಳಿ ಹಾಳೆಗಳು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದವು, ಪ್ರತಿಯೊಂದರ ಕೆಳಗೂ ಹೆಬ್ಬೆಟ್ಟಿನ ಗುರುತು ಮಾತ್ರ. ಹಾಗೇ ಬಿಟ್ಟರೆ ಅವು ಒಪ್ಪಿಗೆಯೇ ಆಗುತ್ತಿದ್ದವು. ತಾವೇ ಅಂಟಿಸಿದ್ದನ್ನು ತಾವೇ ಕೆರೆದು ತೆಗೆಯಬೇಕಾಯಿತು. ಗುರುವಾರ ಇಬ್ಬರು ಅಕ್ಕತಂಗಿಯರು ಬಿಳಿ ಬಟ್ಟೆಯ ಮೇಲೆ ಕೆಂಪು ದಾರದಿಂದ ತಕರಾರನ್ನು ಹೊಲಿದು ತಂದರು. ಒಂದೊಂದು ಅಕ್ಷರವೂ ಮಲ್ಲಿಗೆ ಮೊಗ್ಗಿನಷ್ಟು ಚೆಂದವಾಗಿತ್ತು. ಕಟಗೇರಿ ಸಾಹೇಬರು ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ಕೆಲಸವನ್ನು ಹೊಗಳಿ, "ನೋಟೀಸಿನ್ಯಾಗ ಹಾಳೆ ಅಂತ ಐತಿ, ಅರಿವಿ ಅಂತ ಇಲ್ಲ," ಎಂದು ಮಡಚಿ ತಿರುಗಿ ಕೊಟ್ಟರಂತೆ.

ನಾನು ನನ್ನ ಕಡೆಯಿಂದ ಹುಡುಕುತ್ತಿದ್ದೆ. ಹಳೆಯ ವಿಳಾಸದ ಸಾಲು ನನ್ನ ಕಂಪ್ಯೂಟರಿನಲ್ಲಿತ್ತು. ಮೊದಲ ಮೂರು ಅಂಕಿ ಹಾಗೇ ಇಟ್ಟು, ಕೊನೆಯದನ್ನು ಒಂದರಿಂದ ಇನ್ನೂರ ಐವತ್ತನಾಲ್ಕರವರೆಗೆ ಬದಲಿಸುತ್ತ, ಒಂದೊಂದು ಬಾಗಿಲೂ ಬಡಿದಂತೆ ಬಡಿದೆ. ನೀರಿನ ಟಾಕಿಯ ಪಂಪು ಓಗೊಟ್ಟಿತು. ಹಾಜರಿ ಹಾಕುವ ಯಂತ್ರ ಓಗೊಟ್ಟಿತು. ಪ್ರಿಂಟರ್ ಇಲ್ಲ. ಅಂದರೆ ಅವರು ಕೊನೆಯ ಅಂಕಿಯನ್ನಷ್ಟೇ ಅಲ್ಲ, ಇಡೀ ಸಾಲನ್ನೇ ಬದಲಿಸಿದ್ದರು. ಸಾಲೇ ಗೊತ್ತಿಲ್ಲದಿದ್ದರೆ ಬಡಿಯಬೇಕಾದ ಬಾಗಿಲುಗಳಿಗೆ ಲೆಕ್ಕವೇ ಇಲ್ಲ.

ಶುಕ್ರವಾರ ಗ್ರಂಥಾಲಯದ ಹಿಂದಿನ ಕಪಾಟು ತೆಗೆದೆ. ಊರಿನಲ್ಲಿ ಅಚ್ಚಾದದ್ದು ಯಾವುದನ್ನೂ ನಾವು ಎಸೆಯುವುದಿಲ್ಲ. ಸೋಪಿನ ಪೊಟ್ಟಣದ ಹೊದಿಕೆ, ಬಸ್ಸಿನ ವೇಳಾಪಟ್ಟಿ, ಔಷಧದ ಡಬ್ಬಿಯೊಳಗಿನ ಸಣ್ಣಕ್ಷರದ ಕಾಗದ, ಎಲ್ಲವೂ ಅಲ್ಲಿರುತ್ತವೆ. ಪ್ರಿಂಟರಿನ ಜೊತೆ ಬಂದ ಪುಸ್ತಿಕೆಯೂ ಇತ್ತು. ಮೊದಲಿನಿಂದ ಓದತೊಡಗಿದೆ. ಮೂವತ್ತೆಂಟನೆಯ ಪುಟದಲ್ಲಿ ನಾಲ್ಕು ಸಾಲು ಸಿಕ್ಕವು. ಪ್ರಿಂಟರಿನ ಮುಂಭಾಗದಲ್ಲಿರುವ ಹಸಿರು ಗುಂಡಿಯನ್ನು ಐದು ಸೆಕೆಂಡು ಒತ್ತಿ ಹಿಡಿದರೆ ಯಂತ್ರ ತನ್ನ ವಿವರಗಳನ್ನೆಲ್ಲ ತಾನೇ ಒಂದು ಹಾಳೆಯಲ್ಲಿ ಅಚ್ಚು ಮಾಡಿ ಕೊಡುತ್ತದೆ. ವಿಳಾಸವೂ ಅದರಲ್ಲಿರುತ್ತದೆ.

ಯಾರಾದರೂ ಆ ಕೋಣೆಗೆ ಹೋಗಿ ಗುಂಡಿ ಒತ್ತಬೇಕಿತ್ತು. ಅಲ್ಲಿಗೆ ಹೋಗುವವರು ಮೂವರೇ. ಸಾಹೇಬರು, ಅವರ ಗುಮಾಸ್ತ, ಮತ್ತು ಬೆಳಿಗ್ಗೆ ಒಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ಕಸ ಗುಡಿಸುವ ದುರ್ಗವ್ವ.

ದುರ್ಗವ್ವ ಸುಣ್ಣದ ಓಣಿಯವಳೇ. ಗಂಡ ಸುಣ್ಣದ ಭಟ್ಟಿಯ ಬಿಸಿಗೆ ಕಣ್ಣು ಕಳೆದುಕೊಂಡು ಮನೆಯಲ್ಲಿದ್ದ. ಪುರಸಭೆಯ ಕೆಲಸ ಇಲ್ಲದಿದ್ದರೆ ಆ ಮನೆಯಲ್ಲಿ ಒಲೆ ಉರಿಯುವಂತಿರಲಿಲ್ಲ. ಅದಕ್ಕೇ ಆ ವಾರವೆಲ್ಲ ಅವಳು ಓಣಿಯವರ ಗುಂಪಿನಲ್ಲಿ ಕಾಣಿಸಿಕೊಂಡಿರಲಿಲ್ಲ. ಕೆಲವರು ಅವಳನ್ನು ಸಾಹೇಬರ ಪೊರಕೆ ಎಂದು ಕರೆಯತೊಡಗಿದ್ದರು. ಭಾನುವಾರ ಅವಳ ಮನೆಗೆ ನಾನೇ ಹೋದೆ. ಫಕೀರವ್ವ ಬರುತ್ತೇನೆಂದರೂ ಬೇಡವೆಂದೆ. ಹಿರಿಯರು ಬಂದು ಕುಳಿತರೆ ಇಲ್ಲ ಎನ್ನುವುದು ಕಷ್ಟವಾಗುತ್ತದೆ. ಇಲ್ಲ ಎನ್ನಲು ಅವಳಿಗೆ ಜಾಗ ಇರಬೇಕು ಅನ್ನಿಸಿತು.

ಅವಳು ಅಕ್ಕಿ ಆರಿಸುತ್ತ ಕೇಳಿಸಿಕೊಂಡಳು. "ಹಸರು ಗುಂಡಿ ನಾನು ದಿನಾ ಒರಸತೀನ್ರೀ ಅಕ್ಕಾರ," ಅಂದಳು. "ಆದರ ಹಾಳಿ ಹೊರಗ ತರಾಕ ಆಗಂಗಿಲ್ಲ. ಗೇಟಿನ್ಯಾಗ ಸೆರಗು ಝಾಡಿಸಿ ನೋಡತಾರ."

"ಹಾಳಿ ತರಬ್ಯಾಡ. ನಾಕು ಅಂಕಿ ನೋಡ್ಕೊಂಡು ಬಂದ್ರ ಸಾಕು. ನಿನಗ ಅಂಕಿ ಬರತಾವಲ್ಲ?"

"ಅಕ್ಷರ ಬರಂಗಿಲ್ಲ. ಅಂಕಿ ಬರತಾವ." ಒಳಗಿನಿಂದ ಅವಳ ಗಂಡ, "ಸಿಕ್ಕೊಂಡ್ರ ಏನ ಮಾಡ್ತಿ?" ಎಂದು ಕೇಳಿದ. ಅವಳು ಮೊರವನ್ನು ಒಮ್ಮೆ ಕೊಡವಿದಳು. ನನ್ನನ್ನೇ ನೋಡುತ್ತ, "ಐದು ಸೆಕೆಂಡು ಅಂದ್ರ ಎಷ್ಟ್ರೀ?" ಅಂದಳು.

ನಿಧಾನವಾಗಿ ಒಂದರಿಂದ ಐದರವರೆಗೆ ಎಣಿಸಿ ತೋರಿಸಿದೆ. ಅವಳು ಅಕ್ಕಿಯ ಮೊರದ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ನನ್ನ ಜೊತೆಗೇ ಎಣಿಸಿದಳು.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಅವಳು ಗ್ರಂಥಾಲಯಕ್ಕೆ ಬಂದಳು. ಪೊರಕೆ ಇನ್ನೂ ಕೈಯಲ್ಲೇ ಇತ್ತು. ತುಟಿಗಳು ಅಲ್ಲಾಡುತ್ತಿದ್ದವು. "ಹತ್ತು. ಸೊನ್ನಿ. ಎಪ್ಪತ್ತೊಂದು," ಎಂದು ನಿಂತಳು. "ಕಡೀದು ಸಿಗಲಿಲ್ರೀ ಅಕ್ಕಾರ. ನೋಡಾಕತ್ತಿದ್ದೆ, ಸಾಹೇಬ್ರು ಬಂದಬಿಟ್ರು. ಇದೇನು ಅಂದ್ರು. ಮಷೀನು ತಾನ ಉಗುಳೇತ್ರೀ ಅಂದೆ. ಹಾಳಿ ಕಸಕೊಂಡು ಕಿಸೇದಾಗ ಇಟಗೊಂಡ್ರು." ಅಷ್ಟು ಹೇಳಿ ಕಣ್ಣು ತುಂಬಿಕೊಂಡಳು. "ಮೂರ ಸಿಕ್ಕಾವು. ಮೂರ ತೊಗೊಂಡು ಏನ ಮಾಡ್ತೀರಿ?"

"ಮೂರು ಸಿಕ್ರ ಉಳಿದದ್ದು ನಾನು ಬಡೀತೀನಿ," ಅಂದೆ. ಅವಳನ್ನು ಕುರ್ಚಿಯಲ್ಲಿ ಕೂರಿಸಿದೆ.

ಮೊದಲು ನನ್ನ ಕಂಪ್ಯೂಟರಿಗೂ ಅದೇ ಹೊಸ ಸಾಲಿನ ಒಂದು ಅಂಕಿ ಕೊಟ್ಟೆ. ಒಂದೇ ಸಾಲಿನವರಿಗೆ ಮಾತ್ರ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತದೆ. ಆಮೇಲೆ ಕೊನೆಯ ಅಂಕಿಯನ್ನು ಒಂದರಿಂದ ಶುರುಮಾಡಿದೆ. ಅಂಕಿ ಒತ್ತುವುದು, ಅರ್ಧ ನಿಮಿಷ ಕಾಯುವುದು, ಉತ್ತರ ಇಲ್ಲ ಎಂದು ಬಂದ ಮೇಲೆ ಮುಂದಿನದು. ಹನ್ನೆರಡರ ಹೊತ್ತಿಗೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಗೋಡೆಗೆ ಒರಗಿ ಕುಳಿತಿದ್ದರು. ಫಕೀರವ್ವ ನನ್ನ ಪಕ್ಕದಲ್ಲೇ ಕುಳಿತು ಅಂಕಿಗಳನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ಹೆರಿಗೆಯ ಮನೆಯಲ್ಲಿ ಹೆರುವವಳಿಗೆ ಧೈರ್ಯ ಹೇಳುವ ದನಿ ಅದು. "ಎಪ್ಪತ್ನಾಕು. ಬರಲಿಲ್ಲ? ಬಿಡು. ಎಪ್ಪತ್ತೈದು."

ನೂರಾ ಹನ್ನೆರಡಕ್ಕೆ ಉತ್ತರ ಬಂತು. ಹೆಂಗಸರೆಲ್ಲ ಎದ್ದು ನಿಂತರು. ತೆರೆದು ನೋಡಿದರೆ ಅದು ಕಟಗೇರಿ ಸಾಹೇಬರ ಸ್ವಂತ ಕಂಪ್ಯೂಟರ್. ಎಲ್ಲರೂ ಕುಳಿತರು. ಒಬ್ಬಳಿಗೆ ನಗು ಬಂತು, ಅವಳನ್ನು ನೋಡಿ ಇನ್ನೊಬ್ಬಳಿಗೆ. ವಾರದಲ್ಲಿ ಮೊದಲ ಸಲ ಅಲ್ಲಿ ನಗು ಕೇಳಿಸಿತು.

ಒಂದು ಗಂಟೆ ಮೀರಿದ ಮೇಲೆ ಗುಮಾಸ್ತ ಬಂದ. ಬಾಗಿಲಲ್ಲೇ ನಿಂತು, "ಬಾಯಾರ, ಸಾಹೇಬ್ರು ಕೇಳ್ಯಾರ, ಇಷ್ಟು ಮಂದಿ ಯಾಕ ಕೂಡ್ಯಾರ ಅಂತ," ಅಂದ.

"ಗ್ರಂಥಾಲಯ ಐತಿ. ಓದಾಕ ಬಂದಾರ," ಅಂದೆ.

ಅವನು ಕುಳಿತವರನ್ನು ನೋಡಿದ. ಅಕ್ಷರ ಬಾರದ ಹೆಂಗಸರೆಲ್ಲ ಹತ್ತಿರದ ಮೇಜಿನಿಂದ ಒಂದೊಂದು ಪುಸ್ತಕ ಎತ್ತಿಕೊಂಡು ತೊಡೆಯ ಮೇಲೆ ಬಿಡಿಸಿಕೊಂಡರು. ಫಕೀರವ್ವನ ಪುಸ್ತಕ ತಲೆಕೆಳಗಾಗಿತ್ತು. ಅವಳು ಅದರಿಂದ ಕಣ್ಣೆತ್ತದೆ, "ಎರಡನೂರಾ ನಾಕು," ಅಂದಳು. ಅವನಿಗೆ ಏನೂ ಅರ್ಥವಾಗಲಿಲ್ಲ. ಹೋದ.

ಇನ್ನೂರ ಮೂವತ್ತೊಂದಕ್ಕೆ ಪರದೆಯ ಮೇಲೆ ಒಂದು ಪುಟ ತೆರೆಯಿತು. ಮೇಲೆ ಪ್ರಿಂಟರಿನ ಚಿತ್ರ. ಕೆಳಗೆ 'ಸಿದ್ಧವಾಗಿದೆ' ಎಂಬ ಮಾತು. ಅದರ ಕೆಳಗೆ, ತಟ್ಟೆಯಲ್ಲಿ ಕಾಗದ ಇದೆ ಎಂಬ ಹಸಿರು ಗುರುತು. ಫಕೀರವ್ವ ನನ್ನ ಭುಜ ಅಲುಗಿಸಿ, "ಏನಾತವ್ವ? ಬಂತ?" ಅಂದಳು. "ಬಂತು ಆಯಿ," ಅಂದೆ. ಅವಳು ಎರಡೂ ಕೈಯಿಂದ ನನ್ನ ಮುಖ ಸವರಿ ನೆಟಿಗೆ ಮುರಿದಳು.

ಆಗ ಎರಡು ಗಂಟೆ ಮೀರಿತ್ತು. ಆ ವಾರದಲ್ಲಿ ಕೇಳಿ ಬರೆದುಕೊಂಡಿದ್ದ ನಲವತ್ತು ತಕರಾರುಗಳು ಟೈಪಾಗಿ ಸಿದ್ಧವಿದ್ದವು. ಓಣಿಯ ತುದಿಯ ಕುರುಡಜ್ಜನದನ್ನು ಓಡಿ ಹೋಗಿ ಕೇಳಿಕೊಂಡು ಬಂದು ಬರೆದದ್ದಾಯಿತು. ಇನ್ನು ದುರ್ಗವ್ವನ ಮನೆಯದು. ಅವಳು ಎದುರು ಕುಳಿತು ಹೇಳುತ್ತ ಹೋದಳು. ನಡುವೆ ಒಂದು ಕಡೆ ನಾನು ಬೆರಳು ತಡೆದು, "ಇದು ಬ್ಯಾಡ ದುರ್ಗವ್ವ. ಇದನ್ನ ಬರದ್ರ ನಿನ್ನ ಕೆಲಸ ಹೋಗತೇತಿ," ಅಂದೆ.

"ಬರೀರಿ," ಅಂದಳು.

"ಮತ್ತೊಮ್ಮೆ ಯೋಚನೆ ಮಾಡು."

"ವಾರದಿಂದ ಅದನ್ನ ಮಾಡೇನ್ರಿ. ಬರೀರಿ ಅಕ್ಕಾರ. ನಾಕಕ್ಕ ನಾನು ಮ್ಯಾಲ ಇರಬೇಕು."

ಬರೆದೆ.

ನಾಲ್ಕು ಹೊಡೆಯಿತು. ಹೆಂಗಸರು ಮೈದಾ ಅಂಟಿನ ಪಾತ್ರೆ ಹಿಡಿದು ಪುರಸಭೆಯ ಪಡಸಾಲೆಗೆ ಹೋಗಿ ನಿಂತರು. ಬೋರ್ಡು ಇರುವುದು ಗೇಟಿನ ಒಳಗೆ, ಮೆಟ್ಟಿಲಿನ ಪಕ್ಕದಲ್ಲೇ. ಹಾಳೆ ಹೊರಗೆ ಹೋಗಬೇಕಾಗಿಯೇ ಇರಲಿಲ್ಲ. ಮೇಲಿನ ಕಿಟಕಿಯಲ್ಲಿ ದುರ್ಗವ್ವ ಪೊರಕೆಯನ್ನು ಎರಡು ಸಲ ಕುಟ್ಟಿದ್ದು ನನಗೆ ಗ್ರಂಥಾಲಯದಿಂದ ಕಾಣಿಸಿತು. ಗುಂಡಿ ಒತ್ತಿದೆ. ನಲವತ್ತೆರಡು ಹಾಳೆ. ಪರದೆಯ ಮೇಲೆ ಒಂದು, ಎರಡು, ಮೂರು ಎಂದು ಅಂಕಿ ಏರತೊಡಗಿತು.

ಮೇಲೆ ನಡೆದದ್ದನ್ನು ದುರ್ಗವ್ವ ಆಮೇಲೆ ಹೇಳಿದಳು. ಇಪ್ಪತ್ತರವರೆಗೆ ಯಾರೂ ಬರಲಿಲ್ಲವಂತೆ. ಪಕ್ಕದ ಕೋಣೆಯಲ್ಲಿದ್ದ ಸಾಹೇಬರು ಗುಮಾಸ್ತನೇ ಏನೋ ತೆಗೆಯುತ್ತಿದ್ದಾನೆ ಎಂದುಕೊಂಡಿರಬೇಕು. ಮೂವತ್ತೆಂಟೋ ಮೂವತ್ತೊಂಬತ್ತೋ ಬರುವಾಗ ಬಾಗಿಲಲ್ಲಿ ಬಂದು ನಿಂತರು. ಹಾಳೆಗಳನ್ನು ನೋಡಿದರು. ಅವಳನ್ನು ನೋಡಿದರು. ಕೊನೆಯ ಹಾಳೆ ಬೀಳುವವರೆಗೂ ಅವಳು ಅಲ್ಲಾಡಲಿಲ್ಲ. ಆಮೇಲೆ ಕಟ್ಟನ್ನು ನೆಟ್ಟಗೆ ಕುಟ್ಟಿ ಜೋಡಿಸಿ, ಎದೆಗೆ ಅವಚಿಕೊಂಡು ಬಾಗಿಲ ಕಡೆ ನಡೆದಳು. ಅವರು ಕೈ ಮುಂದೆ ಚಾಚಿದರು.

"ಮುಟ್ಟಬ್ಯಾಡ್ರಿ ಸಾಹೇಬ್ರ," ಅಂದಳಂತೆ. "ಮಂದಿ ಹೆಸರು ಅದಾವ."

ಅಚ್ಚಾದ ಇನ್ನೊಬ್ಬರ ಹೆಸರಿನ ಮೇಲೆ ನಮ್ಮ ಊರಿನಲ್ಲಿ ಯಾರೂ ಕೈ ಮಾಡುವುದಿಲ್ಲ. ಎರಡು ವರ್ಷದಲ್ಲಿ ಅವರಿಗೂ ಅಷ್ಟು ತಿಳಿದಿತ್ತು. ಕೈ ಹಿಂದೆ ತೆಗೆದುಕೊಂಡರು, ದಾರಿ ಬಿಟ್ಟರು.

ನಾನು ಓಡುತ್ತ ಪಡಸಾಲೆಗೆ ಬಂದಾಗ ಅಕ್ಷರ ಬಲ್ಲ ಆ ಅಕ್ಕತಂಗಿಯರು ಒಬ್ಬೊಬ್ಬರ ಹಾಳೆ ಹುಡುಕಿ ಕೊಡುತ್ತಿದ್ದರು. ಹೆಬ್ಬೆರಳು ನೀಲಿಗೆ ಅದ್ದಿ ಒತ್ತುವುದು, ಹಿಂದೆ ಅಂಟು ಸವರುವುದು, ಬೋರ್ಡಿಗೆ ಹಚ್ಚಿ ಅಂಗೈಯಿಂದ ನೇವರಿಸುವುದು. ಬೋರ್ಡಿನಲ್ಲಿ ಜಾಗ ಸಾಲದೆ ಗೋಡೆಯ ಮೇಲೂ ಹಚ್ಚಿದರು. ಐದಕ್ಕೆ ಹನ್ನೆರಡು ನಿಮಿಷ ಇರುವಾಗ ಕೊನೆಯ ಹಾಳೆ ಅಂಟಿತು. ಕಟಗೇರಿ ಸಾಹೇಬರು ಮೆಟ್ಟಿಲ ಮೇಲೆ ನಿಂತು, "ವಿಳಾಸ ಯಾರು ಕೊಟ್ರು?" ಎಂದು ಕೇಳಿದರು. ಅವರು ನನ್ನ ಕಡೆ ತಿರುಗಿದರು.

"ಹುಡಿಕಿದಾಕಿ ನಾನು," ಅಂದೆ. "ವಿಳಾಸ ಇರೂದ ಹುಡಕಾಕ್ರಿ."

"ನಾಳೆ ಬದಲಾಯಸತೇನಿ."

"ಬದಲಾಯಸ್ರಿ. ಮತ್ತ ಒಂದರಿಂದ ಚಾಲೂ ಮಾಡತೀವಿ."

ಮಂಗಳವಾರ ಹತ್ತಕ್ಕೆ ಸಭಾಂಗಣದಲ್ಲಿ ನಿಲ್ಲಲು ಜಾಗವಿರಲಿಲ್ಲ. ಸುಣ್ಣದ ಓಣಿಯವರಷ್ಟೇ ಅಲ್ಲ, ಊರಿನ ಮಿಕ್ಕವರೂ ಬಂದಿದ್ದರು. ಅವರಿಗೂ ಒಂದು ವಾರದಿಂದ ಯಾವ ಹಾಳೆಯೂ ಸಿಕ್ಕಿರಲಿಲ್ಲ. ಮಗುವಿನ ಹೆಸರು ಇಡಬೇಕಾದವರು, ಮದುವೆಯ ಕರೆಯೋಲೆ ಬೇಕಾದವರು ಕಿಟಕಿಯವರೆಗೆ ಬಂದು ಹೊಳ್ಳಿ ಹೋಗಿದ್ದರು.

ನೋಟೀಸಿನಲ್ಲಿ ಬರೆದಂತೆ ಸಾಹೇಬರೇ ಓದಬೇಕಿತ್ತು, ಪೂರ್ತಿ ಓದಬೇಕಿತ್ತು. ಓದಿದರು. ಅವರ ಕಚೇರಿಯ ದನಿಯಲ್ಲಿ ಓಣಿಯವರ ಮಾತು ಕೇಳುವುದು ವಿಚಿತ್ರವಾಗಿತ್ತು. "ನನ್ನ ಹೆಸರು ಫಕೀರವ್ವ. ಈ ಓಣಿಯ ಆರನೇ ಮನೆಯಲ್ಲಿ ಇದ್ದೇನೆ. ಈ ಸಭೆಯಲ್ಲಿ ಕುಳಿತವರಲ್ಲಿ ಅರ್ಧ ಜನರ ಹೊಕ್ಕಳಬಳ್ಳಿ ಕೊಯ್ದವಳು ನಾನು. ಅವರು ಹುಟ್ಟಿದ ಮನೆಗಳು ನನ್ನ ನೆನಪಿನಲ್ಲಿವೆ. ನನ್ನ ಮನೆ ತೆಗೆಯುವವರು ಮೊದಲು ತಾವು ಹುಟ್ಟಿದ ಮನೆ ತೋರಿಸಲಿ." ಮುಂದಿನದು, ಅದರ ಮುಂದಿನದು. ಒಬ್ಬಳು ತನ್ನ ಅಂಗಳದ ಬಾವಿಯ ಬಗ್ಗೆ ಹೇಳಿದ್ದಳು. ಕುರುಡಜ್ಜ, ಬೇರೆ ಯಾವ ಓಣಿಯಲ್ಲೂ ತನ್ನ ಕಾಲಿಗೆ ದಾರಿ ಗೊತ್ತಿಲ್ಲ ಎಂದಷ್ಟೇ ಹೇಳಿದ್ದ. ಮೂವತ್ತು ದಾಟುವಾಗ ಸಾಹೇಬರ ದನಿ ಸಣ್ಣದಾಯಿತು. "ಗಟ್ಟ್ಯಾಗಿ ಓದ್ರಿ, ಹಿಂದ ಕೇಳವಲ್ದು," ಎಂದು ಯಾರೋ ಕೂಗಿದರು. ಒಂದು ಲೋಟ ನೀರು ಕುಡಿದು ಮುಂದುವರಿಸಿದರು.

ನಲವತ್ತೆರಡನೆಯದು ದುರ್ಗವ್ವನದು. ಅವಳು ಹಿಂದಿನ ಬಾಗಿಲ ಬಳಿ ಗಂಡನ ಕೈ ಹಿಡಿದು ನಿಂತಿದ್ದಳು. ಸಾಹೇಬರು ಹಾಳೆ ಎತ್ತಿ ಓದಲು ಶುರುಮಾಡಿದರು.

"ನನ್ನ ಹೆಸರು ದುರ್ಗವ್ವ. ಪುರಸಭೆಯಲ್ಲಿ ಕಸ ಗುಡಿಸುತ್ತೇನೆ. ಈ ಓಣಿಯ ಸುಣ್ಣದ ಭಟ್ಟಿ ನನ್ನ ಗಂಡನ ಕಣ್ಣು ತಿಂದಿದೆ. ಆದರೂ ಈ ಓಣಿ ಬಿಟ್ಟು ನಾವು ಹೋಗುವುದಿಲ್ಲ. ಇಲ್ಲಿ ಅವನು ಬಾಗಿಲಿಗೆ ಬಂದು ನಿಂತರೆ ದಾಟುವವರೆಲ್ಲ ಹೆಸರು ಹಿಡಿದು ಮಾತಾಡಿಸುತ್ತಾರೆ." ಅಲ್ಲಿ ಸಾಹೇಬರು ನಿಂತರು. ಮುಂದಿನ ಸಾಲುಗಳ ಮೇಲೆ ಕಣ್ಣಾಡಿಸಿದರು. ಹಾಳೆಯನ್ನು ಮೇಜಿನ ಮೇಲೆ ಇಟ್ಟರು.

"ಪೂರ್ತಿ," ಎಂದಳು ಫಕೀರವ್ವ ಕುಳಿತಲ್ಲಿಂದಲೇ. "ಪೂರ್ತಿ ಅಂತ ನೀವ ಬರದೀರಿ."

ಅವರು ಹಾಳೆ ಎತ್ತಿಕೊಂಡರು. "ಮೇಲಿನ ಕೋಣೆಯಲ್ಲಿ ಪ್ರಿಂಟರಿನ ಹಸಿರು ಗುಂಡಿ ಒತ್ತಿದವಳು ನಾನು. ಯಾರ ಮೇಲೂ ಬೇರೆ ಅನುಮಾನ ಪಡಬಾರದು. ಆ ಪ್ರಿಂಟರ್ ಊರಿನದು. ಅದರ ವಿಳಾಸ ಊರಿಗೆ ಗೊತ್ತಿರಬೇಕು. ಅದು," ಎಂದು ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು, "ಹತ್ತು, ಸೊನ್ನೆ, ಎಪ್ಪತ್ತೊಂದು, ಇನ್ನೂರ ಮೂವತ್ತೊಂದು."

ಆಮೇಲೆ ತುಟಿಗಳು ಅಲ್ಲಾಡತೊಡಗಿದವು. ಮೊದಲು ಮುಂದಿನ ಸಾಲಿನಲ್ಲಿ, ಆಮೇಲೆ ಹಿಂದೆ, ಕಿಟಕಿಯ ಹೊರಗೆ ನಿಂತವರಲ್ಲಿ. ಹತ್ತು, ಸೊನ್ನೆ, ಎಪ್ಪತ್ತೊಂದು, ಇನ್ನೂರ ಮೂವತ್ತೊಂದು. ಮಕ್ಕಳು ಮಗ್ಗಿ ಹೇಳುವ ಹಾಗೆ ಅದು ಸಭಾಂಗಣದ ತುಂಬ ತಿರುಗಿತು. ಸಾಹೇಬರು ಕುರ್ಚಿಯಲ್ಲಿ ಕುಳಿತರು. ನಾನು ದುರ್ಗವ್ವನನ್ನು ನೋಡಿದೆ. ಅವಳ ಗಂಡ ಅವಳ ಕಡೆಗೆ ಬಾಗಿ ಏನೋ ಕೇಳುತ್ತಿದ್ದ, ಅವಳು ಅವನ ಕಿವಿಯಲ್ಲಿ ಹೇಳುತ್ತಿದ್ದಳು.

ನಿಲ್ದಾಣದ ಯೋಜನೆಯನ್ನು ಆ ದಿನವೇ ಮುಂದೂಡಿದರು. ಎರಡು ತಿಂಗಳ ಮೇಲೆ ಊರ ಹೊರಗಿನ ಹಳೆಯ ದನದ ಸಂತೆಯ ಬಯಲಿನಲ್ಲಿ ಅದಕ್ಕೆ ಗುರುತು ಹಾಕಿದರು. ಕಿಟಕಿ ಮತ್ತೆ ತೆರೆಯಿತು. ಸಾಹೇಬರು ಪ್ರಿಂಟರಿನ ವಿಳಾಸದ ಕೊನೆಯ ಅಂಕಿಯನ್ನು ಹೇಳಿದಂತೆ ಒಮ್ಮೆ ಬದಲಿಸಿದರು. ಆ ಮಧ್ಯಾಹ್ನವೇ ಬಟ್ಟೆಯ ಮೇಲೆ ತಕರಾರು ಹೊಲಿದಿದ್ದ ಅಕ್ಕತಂಗಿಯರು ನನ್ನ ಪಕ್ಕ ಕುಳಿತು ತಾವೇ ಹುಡುಕಿ ತೆಗೆದರು. ಅದಾದ ಮೇಲೆ ಅವರು ಬದಲಿಸಲಿಲ್ಲ. ದುರ್ಗವ್ವನನ್ನು ಕೆಲಸದಿಂದ ತೆಗೆಯಲು ಅವರಿಗೆ ಧೈರ್ಯ ಬರಲಿಲ್ಲ. ಇಡೀ ಊರಿನ ಮುಂದೆ ಅವಳ ಹೆಸರನ್ನು ಓದಿದವರು ಅವರೇ. ನನ್ನ ಹೆಸರು ಯಾವ ಹಾಳೆಯಲ್ಲೂ ಇರಲಿಲ್ಲ, ಅದಕ್ಕೇ ಸಿಟ್ಟು ನನ್ನ ಮೇಲೆ ಇಳಿಯಿತು.

ಮುಂದಿನ ವಾರ ಗುಮಾಸ್ತ ಒಂದು ಆದೇಶ ತಂದು ಮೇಜಿನ ಮೇಲೆ ಇಟ್ಟ. ಅಚ್ಚಾದ ಆದೇಶ, ಮೇಲೆ ಪುರಸಭೆಯ ಮುದ್ರೆ. ಇಂದುಮತಿಯಾದ ನಾನು ಒಬ್ಬಳೇ, ಅನುಮತಿ ಇಲ್ಲದೆ ಪ್ರಿಂಟರಿನ ವಿಳಾಸ ಪತ್ತೆ ಹಚ್ಚಿದ್ದರಿಂದ ನನ್ನನ್ನು ಕೆಲಸದಿಂದ ತೆಗೆಯಲಾಗಿದೆ, ಒಪ್ಪಿದ್ದಕ್ಕೆ ಕೆಳಗೆ ಹೆಬ್ಬೆಟ್ಟು ಒತ್ತುವುದು. ಅವನು ನೀಲಿ ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಸರಿಸಿದ.

ಎರಡು ಸಲ ಓದಿದೆ. "ಇದರಾಗ ತಪ್ಪು ಐತಿ," ಅಂದೆ.

"ಏನ್ ತಪ್ಪರಿ ಬಾಯಾರ?"

"ಒಬ್ಬಳೇ ಅಂತ ಐತಿ. ಓಣಿಯ ಮನಿಗೊಬ್ಬರು, ಮತ್ತ ನಾನು, ನಲವತ್ತು ಮೂರು ಮಂದಿ ಹುಡಿಕೇವಿ. ಎಲ್ಲಾರ ಹೆಸರೂ ಹಾಕ್ಸಿ, ತಿದ್ದಿ, ಇನ್ನೊಮ್ಮೆ ತೆಗೆಸ್ಕೊಂಡು ಬಾ. ಆಮ್ಯಾಲ ಒತ್ತತೀನಿ."

ಅವನು ಆದೇಶವನ್ನೂ ಡಬ್ಬಿಯನ್ನೂ ಎತ್ತಿಕೊಂಡು ರಸ್ತೆ ದಾಟಿ ಹೋದ. ಅದು ನಡೆದು ಎಂಟು ತಿಂಗಳಾಯಿತು. ತಿದ್ದಿದ ಆದೇಶ ಇನ್ನೂ ಬಂದಿಲ್ಲ. ಅಚ್ಚಾದದ್ದು ಉಳಿಯುತ್ತದಲ್ಲ, ನಲವತ್ತು ಮೂರು ಹೆಸರುಗಳನ್ನು ಒಂದು ಹಾಳೆಯ ಮೇಲೆ ಅಚ್ಚು ಹಾಕಿಸಲು ಪುರಸಭೆಯಲ್ಲಿ ಯಾರೂ ತಯಾರಿಲ್ಲ. ಹೆಬ್ಬೆಟ್ಟು ಇಲ್ಲದ ಆದೇಶ ಜಾರಿಯಾಗುವುದಿಲ್ಲ. ದಿನವೂ ಹತ್ತಕ್ಕೆ ಬಾಗಿಲು ತೆಗೆದು, ಕಂಪ್ಯೂಟರ್ ಹಚ್ಚಿ, ಎದುರಿನ ಕುರ್ಚಿ ಒರೆಸಿ ಇಟ್ಟು ಕೂರುತ್ತೇನೆ. ಯಾರಾದರೂ ಬಂದು ಕುಳಿತರೆ, "ಹೇಳ್ರಿ," ಅನ್ನುತ್ತೇನೆ.